50 ತುಂಬದವರ ದೀರ್ಘಾವಧಿ ವೀಸಾ: ಕಾಫಿ ಹಣ ಇರುವವರು ಹೇಗೆ ತಯಾರಾಗಬೇಕು

ಥಾಯ್ಲೆಂಡ್‌ನ ನಿವೃತ್ತಿ ವೀಸಾಕ್ಕೆ 50 ತುಂಬಿರಬೇಕು. ಮಾರಿಷಸ್‌ನಲ್ಲೂ 50. ದುಬೈ, ಅಬುಧಾಬಿ ಸೇರಿದ ಯುಎಇಯಲ್ಲಿ 55. ಕೊಡಗಿನ ಗೋಣಿಕೊಪ್ಪದ ನನ್ನ ಕಚೇರಿಗೆ ಬಂದು ಈ ವಿಷಯ ಎತ್ತುವವರ ವಯಸ್ಸು ಹೆಚ್ಚಾಗಿ 35ರಿಂದ 45. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವರು, ತೋಟದ ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ದುಡಿಯುವವರು, ಮಳೆಗಾಲದ ನಾಲ್ಕು ತಿಂಗಳು ಬೇರೆ ಎಲ್ಲಾದರೂ ಇದ್ದು ಬರೋಣ ಎನ್ನುವ ದಂಪತಿಗಳು. ನಾನು ತೆರಿಗೆ ಲೆಕ್ಕ ನೋಡುವವಳು, ವೀಸಾ ಕೊಡಿಸುವುದು ನನ್ನ ಕೆಲಸವಲ್ಲ. ಆದರೂ ಇವರು ನನ್ನ ಹತ್ತಿರ ಬರಲು ಕಾರಣವಿದೆ: ವೀಸಾ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಹಣದ ಕಾಗದಪತ್ರದಲ್ಲಿ. ಕೊಡಗಿನವರ ಹಣದ ಕಾಗದಪತ್ರವೋ, ಸಂಬಳದವರ ಹಾಗೆ ಇರುವುದಿಲ್ಲ.

ಎಲ್ಲರೂ ಮೊದಲು ಕೇಳುವುದು "ಯಾವ ದೇಶ ಒಳ್ಳೆಯದು?" ಅಂತ. ನಾನು ತಿರುಗಿ ಕೇಳುವುದು, ನಿಮ್ಮ ಹಣ ಎಲ್ಲಿಂದ, ಯಾವ ತಿಂಗಳಲ್ಲಿ, ಯಾರ ಹೆಸರಿಗೆ ಬರುತ್ತದೆ ಎಂದು. ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕರ್ಧ ದೇಶಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ತಿಂಗಳ ಸಂಬಳ ಇರುವವರಿಗೆ

ಹೊರದೇಶದ ಕಂಪನಿಯ ಸಂಬಳವೋ ಫ್ರೀಲಾನ್ಸ್ ಬಿಲ್ಲೋ ಪ್ರತಿ ತಿಂಗಳು ಬ್ಯಾಂಕಿಗೆ ಬರುತ್ತಿದ್ದರೆ ನಿಮಗೆ ದಾರಿ ಬೇಕಾದಷ್ಟಿದೆ. ಥಾಯ್ಲೆಂಡ್ 2024ರ ಜುಲೈನಲ್ಲಿ ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ ಶುರು ಮಾಡಿತು. ಎಲ್ಲರೂ ಡಿಟಿವಿ ಎನ್ನುತ್ತಾರೆ. 20 ವರ್ಷ ತುಂಬಿದ್ದರೆ ಸಾಕು. ಐದು ವರ್ಷದ ವೀಸಾ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಒಮ್ಮೆ ಒಳಗೆ ಹೋದರೆ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್‌ಗೆ ಸಮನಾದ ಹಣ ತೋರಿಸಬೇಕು. ಬಾತ್ ದರ ನೋಡಿಕೊಂಡು 13ರಿಂದ 15 ಲಕ್ಷ ರೂಪಾಯಿ ಅಂದುಕೊಳ್ಳಿ. ಈ ಹಣವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ, ನಿಮ್ಮದೇ ಹೆಸರಿನ ಇಲ್ಲಿನ ಖಾತೆಯಲ್ಲಿದ್ದರೆ ಸಾಕು. ಭಾರತೀಯರಿಗೆ 2025ರ ಜನವರಿಯಿಂದ ಅರ್ಜಿ ಆನ್‌ಲೈನ್ ಆಗಿದೆ. ಥಾಯ್ಲೆಂಡ್ ಒಳಗಿದ್ದು ಹಾಕುವಂತಿಲ್ಲ, ಹೊರಗಿನಿಂದಲೇ ಹಾಕಬೇಕು. ಅಲ್ಲಿನ ಕಂಪನಿಗೆ ಕೆಲಸ ಮಾಡುವಂತಿಲ್ಲ.

ಇದಕ್ಕೆ ಕಂಪನಿಯಿಂದ ಪತ್ರ ಬೇಕು. ಪತ್ರದಲ್ಲಿ ನಿಮ್ಮ ಹುದ್ದೆ, ಸಂಬಳ, ಸೇರಿದ ದಿನಾಂಕ ಇದ್ದರೆ ಸಾಲದು. "ಭಾರತದ ಹೊರಗಿನಿಂದ ಕೆಲಸ ಮಾಡಲು ಅನುಮತಿ ಇದೆ" ಎಂಬ ಸಾಲು ಸ್ಪಷ್ಟವಾಗಿ ಇರಲೇಬೇಕು. ಮನೆಯಿಂದ ಕೆಲಸ ಮಾಡಲು ಒಪ್ಪಿದ ಕಂಪನಿ ಹೊರದೇಶದಿಂದ ಮಾಡಲು ಒಪ್ಪುತ್ತದೆ ಎಂದೇನಿಲ್ಲ. ಎಚ್‌ಆರ್ ವಿಭಾಗದ ಜೊತೆ ಈ ಮಾತು ಮುಗಿಸಿದ ಮೇಲೆಯೇ ಉಳಿದದ್ದಕ್ಕೆ ಕೈಹಾಕಿ.

ಮಲೇಷ್ಯಾದ ಡಿಇ ರಾಂತಾವ್ ಪಾಸ್ ಕೂಡ ಇಂಥವರಿಗೇ ಮಾಡಿದ್ದು. ಸಾಫ್ಟ್‌ವೇರ್, ಡಿಜಿಟಲ್ ಮಾರ್ಕೆಟಿಂಗ್‌ನಂಥ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಇದ್ದರೆ ಆಯಿತು. ಬೇರೆ ಕ್ಷೇತ್ರದವರಿಗೆ 60,000. ಒಂದು ವರ್ಷದವರೆಗೆ ಕೊಡುತ್ತಾರೆ, ಮತ್ತೊಂದು ವರ್ಷ ನವೀಕರಿಸಬಹುದು. ಇಂಡೋನೇಷ್ಯಾದ ರಿಮೋಟ್ ಕೆಲಸಗಾರರ ವೀಸಾಕ್ಕೂ ವರ್ಷಕ್ಕೆ 60,000 ಡಾಲರ್ ಬೇಕು. ಬಾಲಿ ಎಂದು ಕನಸು ಕಾಣುವ ಹುಡುಗರಿಗೆ ಈ ಅಂಕಿ ಹೇಳಿದ ತಕ್ಷಣ ಮಾತು ಬೇರೆ ಕಡೆ ತಿರುಗುತ್ತದೆ. ಯುಎಇಯ ಒಂದು ವರ್ಷದ ವರ್ಚುವಲ್ ವರ್ಕ್ ವೀಸಾಕ್ಕೆ ತಿಂಗಳಿಗೆ 3,500 ಡಾಲರ್ ಸಂಬಳ ಮತ್ತು ಆರೋಗ್ಯ ವಿಮೆ ಬೇಕು.

ಈ ಪಟ್ಟಿಯಲ್ಲಿ ನಮ್ಮವರು ಗಮನಿಸದೆ ಬಿಡುವುದು ಮಾರಿಷಸ್. ಅಲ್ಲಿನ ಪ್ರೀಮಿಯಂ ವೀಸಾಕ್ಕೆ ತಿಂಗಳಿಗೆ 1,500 ಡಾಲರ್ ಆದಾಯ ತೋರಿಸಿದರೆ ಸಾಕು, ಅರ್ಜಿ ಶುಲ್ಕವೇ ಇಲ್ಲ, ಒಂದು ವರ್ಷ ಇರಬಹುದು. ಆದಾಯ ಮಾರಿಷಸ್‌ನ ಹೊರಗಿನಿಂದ ಬರುತ್ತಿರಬೇಕು, ಅಷ್ಟೇ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೊದಲ ಸಲ ಹೊರಗೆ ಇದ್ದು ನೋಡುವವರಿಗೆ ನಾನು ಹೇಳುವುದು ಇದನ್ನೇ.

ತಿಂಗಳ ಸಂಬಳ ತೀರಾ ದೊಡ್ಡದಾಗಿದ್ದರೆ, ಅಂದರೆ ಕಳೆದ ಎರಡು ವರ್ಷದ ಸರಾಸರಿ ವರ್ಷಕ್ಕೆ 80,000 ಡಾಲರ್ ದಾಟಿದ್ದರೆ, ಥಾಯ್ಲೆಂಡ್‌ನ ಹತ್ತು ವರ್ಷದ ಎಲ್‌ಟಿಆರ್ ವೀಸಾ ನೋಡಬಹುದು. ಕಂಪನಿಯೂ ದೊಡ್ಡದಿರಬೇಕು. ನನ್ನಲ್ಲಿಗೆ ಬರುವವರಲ್ಲಿ ಇದು ಹೊಂದುವವರು ಅಪರೂಪ.

ಬಾಡಿಗೆ, ಬಡ್ಡಿ, ಡಿವಿಡೆಂಡ್ ಇರುವವರಿಗೆ

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರಿಗೆ ಪೋರ್ಚುಗಲ್‌ನ ಡಿ7 ವೀಸಾ ಇದೆ. ಇದಕ್ಕೆ ವಯಸ್ಸಿನ ಕಟ್ಟು ಇಲ್ಲ, ಪಿಂಚಣಿಯೇ ಬೇಕೆಂದಿಲ್ಲ. ಅಲ್ಲಿನ ಕನಿಷ್ಠ ವೇತನದಷ್ಟಾದರೂ ಸ್ಥಿರ ಆದಾಯ ಬರುತ್ತಿರಬೇಕು. 2025ರಲ್ಲಿ ಅದು ತಿಂಗಳಿಗೆ 870 ಯೂರೋ ಇತ್ತು, ಪ್ರತಿ ವರ್ಷ ಏರುತ್ತದೆ. ಸ್ಪೇನ್‌ನ ಇಂಥದೇ ವೀಸಾಕ್ಕೆ ತಿಂಗಳಿಗೆ 2,400 ಯೂರೋ ಬೇಕು, ಮತ್ತು ಅದರಲ್ಲಿ ಇದ್ದುಕೊಂಡು ಯಾವ ಕೆಲಸವನ್ನೂ ಮಾಡುವಂತಿಲ್ಲ. ಎರಡಕ್ಕೂ ಮದುವೆ, ಜನನ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ಹೊರದೇಶದಲ್ಲಿ ದಾಖಲೆ ಅಸಲಿ ಎಂದು ಒಪ್ಪಿಸುವ ಮುದ್ರೆ) ಬೇಕಾಗುತ್ತದೆ, ಪೊಲೀಸ್ ಕ್ಲಿಯರೆನ್ಸ್ ಕೂಡ. ಆದರೆ ಯುರೋಪಿನ ಈ ವೀಸಾಗಳು ನೀವು ಅಲ್ಲಿ ನಿಜವಾಗಿ ನೆಲೆಸುತ್ತೀರಿ ಎಂದು ನಿರೀಕ್ಷಿಸುತ್ತವೆ. ಕೊಯ್ಲಿಗೆ ಮೂರು ತಿಂಗಳು, ಗೊಬ್ಬರಕ್ಕೆ ಒಂದು ತಿಂಗಳು ಎಂದು ಊರಿಗೆ ಓಡಿಬರುವವರಿಗೆ ಇವು ಹೊಂದುವುದಿಲ್ಲ.

ಬರೀ ಉಳಿತಾಯದ ಬಲದ ಮೇಲೆ ಹೋಗುವವರಿಗೆ ಥಾಯ್ಲೆಂಡ್ ಪ್ರಿವಿಲೆಜ್ ಎಂಬ ಹಣ ಕಟ್ಟಿ ಪಡೆಯುವ ಸದಸ್ಯತ್ವ ವೀಸಾ ಇದೆ. ಗೋಲ್ಡ್ ಎಂಬ ಐದು ವರ್ಷದ ಸದಸ್ಯತ್ವಕ್ಕೆ 9 ಲಕ್ಷ ಬಾತ್, ಸುಮಾರು 25 ಲಕ್ಷ ರೂಪಾಯಿ. ಆ ಹಣ ವಾಪಸು ಬರುವುದಿಲ್ಲ. ಅಷ್ಟು ಹಣ ಇದ್ದರೆ ತೋಟಕ್ಕೆ ಹೊಸ ಸ್ಪ್ರಿಂಕ್ಲರ್ ಪೈಪ್, ಕೆರೆಯ ಹೂಳು ತೆಗೆಸುವುದು, ಕಣಕ್ಕೆ ಕಾಂಕ್ರೀಟ್ ಎಲ್ಲ ಮುಗಿಯುತ್ತದೆ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಮಲೇಷ್ಯಾದ ಎಂಎಂ2ಎಚ್ (ಮಲೇಷ್ಯಾ ಮೈ ಸೆಕೆಂಡ್ ಹೋಮ್) ವೀಸಾ ಈಗ 25 ತುಂಬಿದವರಿಗೂ ತೆರೆದಿದೆ. ಆದರೆ ಅದರ ಸಿಲ್ವರ್ ದರ್ಜೆಗೇ 1,50,000 ಡಾಲರ್ ಠೇವಣಿ ಇಡಬೇಕು, ಮನೆಯನ್ನೂ ಕೊಳ್ಳಬೇಕು. 50ರ ಒಳಗಿನವರು ವರ್ಷಕ್ಕೆ 90 ದಿನ ಅಲ್ಲಿ ಇರಬೇಕೆಂಬ ಷರತ್ತೂ ಇದೆ. ಫಿಲಿಪೀನ್ಸ್ 2025ರಲ್ಲಿ ತನ್ನ ನಿವೃತ್ತಿ ವೀಸಾದ ವಯಸ್ಸನ್ನು 50ರಿಂದ 40ಕ್ಕೆ ಇಳಿಸಿತು. ಡಾಲರ್ ಠೇವಣಿ ಇಡಬಲ್ಲ 40 ದಾಟಿದವರು ಅದನ್ನು ಒಮ್ಮೆ ನೋಡಲಿ.

ಕಾಫಿ ಹಣ ಇರುವವರಿಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಜಿಲ್ಲೆಯ ಬಹುಪಾಲು ಜನ ಇದೇ ಗುಂಪಿನವರು, ಇವರಿಗಾಗಿ ಯಾರೂ ವೀಸಾ ಮಾಡಿಲ್ಲ.

ಮುಂದೆ ತೆರೆದಿಟ್ಟಿರುವ ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಊಹಿಸಿಕೊಳ್ಳಿ. ಜೂನ್‌ನಿಂದ ಜನವರಿವರೆಗೆ ಬರೀ ಖರ್ಚು: ಗೊಬ್ಬರ, ಕಳೆ ತೆಗೆಸಿದ್ದು, ಮರಗಸಿ (ನೆರಳಿನ ಮರದ ಕೊಂಬೆ ಕಡಿಸುವುದು), ಕೆಲಸಗಾರರ ಲೈನ್ ಮನೆಯ ಕರೆಂಟ್ ಬಿಲ್, ವಾರದ ಕೂಲಿಗೆ ಡ್ರಾ ಮಾಡಿದ ನಗದು. ಮಧ್ಯದಲ್ಲಿ ಬೆಳೆ ಸಾಲ ನವೀಕರಣದ ಒಂದು ದೊಡ್ಡ ಜಮೆ, ಅದೇ ವಾರ ಅಷ್ಟೇ ದೊಡ್ಡ ಖರ್ಚು. ಫೆಬ್ರವರಿ ಕೊನೆಗೆ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾರಿದ ಹಣ ಒಂದೋ ಎರಡೋ ಕಂತಿನಲ್ಲಿ ಲಕ್ಷಗಟ್ಟಲೆ ಬಂದು ಬೀಳುತ್ತದೆ, ಮೇ ತಿಂಗಳಲ್ಲಿ ಕರಿಮೆಣಸಿನದು ಇನ್ನೊಂದಿಷ್ಟು. ಚೀಲಕ್ಕೆ ಎಷ್ಟು ಸಿಕ್ಕಿತು, ಎಷ್ಟು ಚೀಲ ಹೋಯಿತು ಎಂದು ನಮಗೆ ನೋಡಿದೊಡನೆ ಗೊತ್ತಾಗುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಅದು ಎಲ್ಲಿಂದಲೋ ಬಂದ, ಅರ್ಜಿಗೆಂದೇ ಯಾರೋ ತುಂಬಿಸಿದ ಹಣದ ಹಾಗೆ ಕಾಣುತ್ತದೆ.

ಆದ್ದರಿಂದ ಮೊದಲ ಕೆಲಸ: ತೋಟದ ಖಾತೆ ಬೇರೆ, ವೀಸಾಕ್ಕೆ ತೋರಿಸುವ ಖಾತೆ ಬೇರೆ ಮಾಡಿ. ಕಾಫಿ ಹಣ ಬಂದ ಕೂಡಲೇ ಬೇಕಾದಷ್ಟನ್ನು ಎರಡನೆಯ ಖಾತೆಗೆ ಹಾಕಿ, ಕನಿಷ್ಠ ಆರು ತಿಂಗಳು ಮುಟ್ಟಬೇಡಿ. ಮಾರ್ಚ್‌ನಲ್ಲಿ ಹಾಕಿದರೆ ಅಕ್ಟೋಬರ್‌ನಲ್ಲಿ ಅರ್ಜಿ ಹಾಕುವಾಗ ಸ್ಟೇಟ್‌ಮೆಂಟ್ ಶುದ್ಧವಾಗಿರುತ್ತದೆ. ವ್ಯಾಪಾರಿ ಕೊಟ್ಟ ಬಿಲ್ಲು, ತೂಕದ ಚೀಟಿ ಬಿಸಾಡಬೇಡಿ. ನಗದು ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಈ ಒಂದು ವರ್ಷ ಪೂರ್ತಿ ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ.

ಎರಡನೆಯದು ಆದಾಯ ತೆರಿಗೆ ರಿಟರ್ನ್. "ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಮತ್ಯಾಕೆ ರಿಟರ್ನ್?" ಎಂದು ನನ್ನನ್ನು ಕೇಳದವರೇ ಇಲ್ಲ. ಕ್ಯೂರಿಂಗ್ (ಸಿಪ್ಪೆ ತೆಗೆಸಿ ಬೀಜ ಬೇರ್ಪಡಿಸುವುದು) ಮಾಡಿಸದೆ ಚೆರ್ರಿಯನ್ನೇ ಮಾರುವವರ ಆದಾಯ ಪೂರ್ತಿ ಕೃಷಿ ಆದಾಯ, ನಿಜ. ತಾವೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರುವವರಿಗೆ ಶೇ. 25ರಷ್ಟು ತೆರಿಗೆಗೆ ಒಳಪಡುತ್ತದೆ. ಆದರೆ ಇಲ್ಲಿ ಪ್ರಶ್ನೆ ತೆರಿಗೆಯದ್ದಲ್ಲ. ಆ ಆದಾಯ ನಿಮ್ಮದು ಎಂದು ವೀಸಾ ಅಧಿಕಾರಿಗೆ ತೋರಿಸಬಹುದಾದ ಗಟ್ಟಿ ಸರ್ಕಾರಿ ಕಾಗದ ರಿಟರ್ನ್. ರಿಟರ್ನ್ ಸಲ್ಲಿಸುವಾಗ ವಿನಾಯಿತಿ ಆದಾಯದ ಪಟ್ಟಿಯಲ್ಲಿ ಕಾಫಿ ಆದಾಯ ತೋರಿಸಿ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು; ಕ್ಯೂರಿಂಗ್‌ನಂಥ ವ್ಯಾಪಾರದ ಆದಾಯವೂ ಇದ್ದರೆ ಐಟಿಆರ್-3. 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಅಳತೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ತುಂಬಬೇಕು. ಹೀಗೆ ತುಂಬಿದ ರಿಟರ್ನ್ ಎರಡು ವರ್ಷದ್ದು ಕೈಯಲ್ಲಿದ್ದರೆ ನಿಮ್ಮ ಫೆಬ್ರವರಿಯ ದೊಡ್ಡ ಜಮೆಗೆ ಅರ್ಥ ಬರುತ್ತದೆ. ವೀಸಾ ಬೇಡವೆನಿಸಿದರೂ ಈ ಅಭ್ಯಾಸ ಬಿಡಬೇಡಿ ಎಂದು ನನ್ನ ಕಳಕಳಿಯ ಮಾತು.

ಮೂರನೆಯದು ಹೆಸರು. ಪಾಸ್‌ಪೋರ್ಟ್‌ನಲ್ಲಿ ಮನೆಪೆದ (ಮನೆತನದ ಹೆಸರು) ಪೂರ್ತಿ ಬಿಡಿಸಿ ಬರೆದಿದೆ, ಬ್ಯಾಂಕಿನಲ್ಲಿ ಎರಡು ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಕೊನೆಗೆ, ಪ್ಯಾನ್‌ನಲ್ಲಿ ಮತ್ತೊಂದು ಕ್ರಮ. ಕೊಡವರ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಪಾಸ್‌ಪೋರ್ಟ್ ಹೇಗಿದೆಯೋ ಹಾಗೆ ಬ್ಯಾಂಕ್ ಮತ್ತು ಪ್ಯಾನ್ ಸರಿಪಡಿಸಿ, ಉಲ್ಟಾ ಮಾಡಬೇಡಿ. ಜಮ್ಮಾ ಬಾಣೆಯಾದರೆ (ಕೊಡಗಿನ ವಂಶಪಾರಂಪರ್ಯದ ಕುಟುಂಬ ಜಮೀನು) ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ಕುಟುಂಬದ ಎಷ್ಟೋ ಜನರ ಪಾಲು ಒಂದೇ ಸರ್ವೆ ನಂಬರಿನಲ್ಲಿ ಕೂಡಿಕೊಂಡಿರುತ್ತದೆ. ಅದನ್ನು ನಿಮ್ಮ ಸ್ವಂತ ಆಸ್ತಿಯ ದಾಖಲೆ ಎಂದು ಅರ್ಜಿಗೆ ಲಗತ್ತಿಸಿದರೆ ಉಪಯೋಗಕ್ಕಿಂತ ಗೊಂದಲವೇ ಹೆಚ್ಚು. ಖಾತೆಯ ಹಣ, ರಿಟರ್ನ್, ಬಿಲ್ಲು ಇಷ್ಟರ ಮೇಲೆಯೇ ಅರ್ಜಿ ನಿಲ್ಲಿಸಿ.

ಇಷ್ಟೆಲ್ಲ ಸರಿಯಿದ್ದರೂ ಡಿಟಿವಿಗೆ ಕಾರಣ ಬೇಕು. ತೋಟ ನೋಡಿಕೊಳ್ಳುವುದು ರಿಮೋಟ್ ಕೆಲಸ ಆಗುವುದಿಲ್ಲ. ತೋಟದ ಜೊತೆಗೆ ಡಿಸೈನ್, ಅನುವಾದ, ಲೆಕ್ಕಪತ್ರ, ಪಾಠ ಹೇಳುವುದು ಇಂಥ ಯಾವುದಾದರೂ ಫ್ರೀಲಾನ್ಸ್ ಕೆಲಸ ನಿಜವಾಗಿ ಮಾಡುತ್ತಿದ್ದರೆ ಅದರ ಬಿಲ್ಲು, ಒಪ್ಪಂದ ಜೋಡಿಸಿ. ಇಲ್ಲದಿದ್ದರೆ ಮುಯ್ ಥಾಯ್ ತರಬೇತಿ, ಥಾಯ್ ಅಡುಗೆ ಕೋರ್ಸ್, ವೈದ್ಯಕೀಯ ಚಿಕಿತ್ಸೆ ಇವೂ ಡಿಟಿವಿಗೆ ಒಪ್ಪುವ ಕಾರಣಗಳು. ಕಲಿಯುವ ಮನಸ್ಸಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಮೈಸೂರಿನ ಕಡೆಯ ಒಬ್ಬ ಏಜೆಂಟ್ ನನ್ನ ಕಕ್ಷಿದಾರರೊಬ್ಬರಿಗೆ, ಕೋರ್ಸಿನ ಪತ್ರ ನಾವೇ ತರಿಸುತ್ತೇವೆ, 5 ಲಕ್ಷ ಬಾತ್ ನಿಮ್ಮ ಖಾತೆಗೆ ಹದಿನೈದು ದಿನ ಹಾಕಿಸಿ ವಾಪಸು ತೆಗೆಯುತ್ತೇವೆ ಎಂದು ಹೇಳಿದ್ದ. ಅವರು ನನ್ನನ್ನು ಕೇಳಿ ಕೈಬಿಟ್ಟರು, ಪುಣ್ಯ. ಅರ್ಜಿಯಲ್ಲಿ ಸಹಿ ನಿಮ್ಮದು, ಸುಳ್ಳು ಸಿಕ್ಕಿಬಿದ್ದರೆ ಮುಂದಿನ ಎಲ್ಲ ಅರ್ಜಿಗಳ ಮೇಲೂ ಅದರ ನೆರಳು ಬೀಳುತ್ತದೆ.

ವರ್ಷವನ್ನು ಹೀಗೆ ಹಂಚಿಕೊಳ್ಳಿ

ಕೊಡಗಿನವರಿಗೆ ನಾನು ಥಾಯ್ಲೆಂಡ್‌ನ ಉತ್ತರ ಭಾಗವನ್ನು, ಚಿಯಾಂಗ್ ಮಾಯ್ ಸುತ್ತಮುತ್ತಲನ್ನು ಹೇಳುವುದಕ್ಕೆ ಒಂದು ಕಾರಣ ಇದೆ. ಬೆಟ್ಟ, ಅರೇಬಿಕಾ ತೋಟ, ಚಳಿ ಎಲ್ಲ ಇರುವ ಆ ಊರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ ಮತ್ತು ಕಾಡು ಸುಡುವ ಹೊಗೆಯಲ್ಲಿ ಮುಳುಗಿರುತ್ತದೆ. ಉಸಿರಾಟದ ತೊಂದರೆ ಇರುವವರು ಆಗ ಅಲ್ಲಿ ಇರಲೇಬಾರದು. ನಮಗೋ ಅದೇ ತಿಂಗಳುಗಳಲ್ಲಿ ರೊಬಸ್ಟಾ ಕೊಯ್ಲು, ಕಣದ ಒಣಗುವಿಕೆ, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವ ಓಡಾಟ. ಮನೆಯಲ್ಲಿ ಇರಲೇಬೇಕಾದ ಸಮಯ. ಎರಡು ಊರಿನ ಕ್ಯಾಲೆಂಡರ್ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಜೂನ್ 1ಕ್ಕೆ ಹೋಗಿ ನವೆಂಬರ್ 25ಕ್ಕೆ ಮರಳಿದರೆ 178 ದಿನ. ಡಿಟಿವಿಯ 180 ದಿನದ ಒಳಗೆ ಬಂತು. ಕೊಡಗಿನ ಮುಂಗಾರು ಪೂರ್ತಿ ತಪ್ಪುತ್ತದೆ. ಹೆಚ್ಚಿನ ವರ್ಷ ಸುಗ್ಗಿ ಹಬ್ಬ ಪುತ್ತರಿಗೆ ಮನೆಯಲ್ಲಿ ಇರುತ್ತೀರಿ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬ ಮತ್ತು ಅಕ್ಟೋಬರ್‌ನ ಕಾವೇರಿ ಸಂಕ್ರಮಣ ತಪ್ಪುತ್ತವೆ, ಅದಕ್ಕೆ ಮನೆಯ ಹಿರಿಯರ ಒಪ್ಪಿಗೆ ಮೊದಲೇ ಪಡೆಯಿರಿ.

ತೆರಿಗೆ ಕಣ್ಣಿನಿಂದ ನೋಡಿದರೂ ಈ ಹಂಚಿಕೆ ಚೆನ್ನ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಥಾಯ್ಲೆಂಡ್‌ನಲ್ಲಿದ್ದರೆ ಅಲ್ಲಿನ ತೆರಿಗೆ ನಿವಾಸಿ ಆಗುತ್ತೀರಿ. 2024ರ ಜನವರಿ 1ರ ನಂತರ ಗಳಿಸಿದ ಹೊರದೇಶದ ಆದಾಯವನ್ನು ಅಲ್ಲಿಗೆ ತಂದರೆ ತೆರಿಗೆಯ ಪ್ರಶ್ನೆ ಏಳುತ್ತದೆ. ಅಲ್ಲಿ ಕೂತು ಮಾಡಿದ ಕೆಲಸದ ಸಂಬಳದ ವಿಚಾರ ಬೇರೆಯೇ ಇದೆ, ಅದನ್ನು ಅಲ್ಲಿನ ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ. ಇತ್ತ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದಲ್ಲಿ ನೀವು ಭಾರತದಲ್ಲಿ 182 ದಿನ ದಾಟಿರುತ್ತೀರಿ, ಇಲ್ಲಿನ ನಿವಾಸಿಯಾಗಿಯೇ ಉಳಿಯುತ್ತೀರಿ.

ಇದು ನಮಗೆ ಏಕೆ ಮುಖ್ಯ? ಎನ್‌ಆರ್‌ಐ ಆದವರು ಭಾರತದಲ್ಲಿ ಕೃಷಿ ಜಮೀನನ್ನಾಗಲಿ ಪ್ಲಾಂಟೇಷನ್ ಅನ್ನಾಗಲಿ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಖರೀದಿ ಇಲ್ಲ. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬರಬಹುದು, ದಾಯಾದಿಗಳ ಪಾಲು ಕೊಳ್ಳಬೇಕಾಗಬಹುದು ಎಂಬ ಅಂದಾಜಿದ್ದರೆ ವರ್ಷಪೂರ್ತಿ ಹೊರಗೆ ಇರುವ ಮೊದಲು ಈ ಮಾತು ಮನೆಯಲ್ಲಿ ಆಗಲಿ. ಪೂರ್ತಿ ಹೊರಗೆ ಹೋಗುವವರು ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಬೇಕು, ಅದನ್ನೂ ಮರೆಯಬೇಡಿ.

ಹೋಗುವ ಮೊದಲು

ಹಣ ಕಳಿಸುವವರು ಇದನ್ನು ನೆನಪಿಡಿ: ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲಿನ ಮೊತ್ತಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಮೇಲೆ ಹೇಳಿದ 25 ಲಕ್ಷದ ಸದಸ್ಯತ್ವವನ್ನು ಒಂದೇ ವರ್ಷದಲ್ಲಿ ಕಟ್ಟಿದರೆ ಇನ್ನೂ 3 ಲಕ್ಷ ಕೈಯಲ್ಲಿರಬೇಕು. ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ವಾಪಸು ಕೇಳಬಹುದು, ಆದರೆ ತಿಂಗಳುಗಟ್ಟಲೆ ಕಾಯಬೇಕು. ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ ಕಳಿಸಿದರೆ ಎರಡು ವರ್ಷದ ಮಿತಿ ಸಿಗುತ್ತದೆ.

ತೋಟದ ಜವಾಬ್ದಾರಿ ಯಾರಿಗೆ ಎಂಬುದನ್ನು ಬಾಯಿಮಾತಿಗೆ ಬಿಡಬೇಡಿ. ತೋಟದ ಲೆಕ್ಕ, ಕೆಲಸ ನೋಡುವ ರೈಟರ್ ಎಷ್ಟೇ ನಂಬಿಕಸ್ಥರಾಗಿದ್ದರೂ ಬ್ಯಾಂಕ್, ವಿದ್ಯುತ್ ಕಂಪನಿ ಸೆಸ್ಕ್, ತಾಲ್ಲೂಕು ಕಚೇರಿ ಇಲ್ಲೆಲ್ಲ ಸಹಿಗೆ ಅಧಿಕಾರ ಬೇಕು. ತಮ್ಮನಿಗೋ ಅತ್ತಿಗೆಗೋ ಜನರಲ್ ಪವರ್ ಆಫ್ ಅಟಾರ್ನಿ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಅದರಲ್ಲಿ ಜಮೀನು ಮಾರುವ ಅಧಿಕಾರ ಕೊಡಬೇಡಿ. ಬೆಳೆ ಮಾರುವುದು, ಕೂಲಿ ಕೊಡುವುದು, ಬೆಳೆ ಸಾಲ ನವೀಕರಿಸುವುದು, ಕಾಡಾನೆ ಹಾನಿಗೆ ಪರಿಹಾರದ ಅರ್ಜಿ ಹಾಕುವುದು, ಇಷ್ಟನ್ನೇ ಹೆಸರಿಸಿ ಬರೆಸಿ. ಹೋದ ಮೇಲೆ ನೆನಪಾದರೂ ದಾರಿ ಇದೆ: ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿಯಲ್ಲೋ ಚಿಯಾಂಗ್ ಮಾಯ್‌ನ ಕಾನ್ಸುಲೇಟ್‌ನಲ್ಲೋ ಸಹಿ ಮಾಡಿ ಕಳಿಸಬಹುದು, ಆದರೆ ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಅಲ್ಲಿಗೆ ತಲುಪುವ ದಿನಕ್ಕೆ ಮೊದಲಿನ ಮೂರು ದಿನದ ಒಳಗೆ ಥಾಯ್ಲೆಂಡ್‌ನ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಿ. 2025ರ ಮೇ 1ರಿಂದ ಅದು ವಿದೇಶಿಗರೆಲ್ಲರಿಗೂ ಕಡ್ಡಾಯ, ಶುಲ್ಕ ಇಲ್ಲ. ಶುಲ್ಕ ಕೇಳುವ ವೆಬ್‌ಸೈಟ್ ಎದುರಾದರೆ ಅದು ಸರ್ಕಾರದ್ದಲ್ಲ. ಅಲ್ಲಿ ಮನೆ ಹಿಡಿದ 24 ಗಂಟೆಯೊಳಗೆ ಮನೆ ಮಾಲೀಕರು ಟಿಎಂ30 ಎಂಬ ವರದಿ ಕೊಡಬೇಕು. ನಮ್ಮ ಹೋಂಸ್ಟೇಯವರು ವಿದೇಶಿ ಅತಿಥಿ ಬಂದರೆ ಸಿ-ಫಾರ್ಮ್ ತುಂಬುವ ಹಾಗೆಯೇ. ಮಾಲೀಕರು ಕೊಟ್ಟಿದ್ದೇವೆ ಎಂದರೆ ರಸೀದಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಸತತ 90 ದಿನ ಆದಾಗ ನಿಮ್ಮ ವಿಳಾಸವನ್ನು ಇಮಿಗ್ರೇಷನ್‌ಗೆ ನೀವೇ ತಿಳಿಸಬೇಕು. ಜೂನ್ 1ಕ್ಕೆ ಹೋದವರಿಗೆ ಅದು ಆಗಸ್ಟ್ ಕೊನೆಗೆ ಬರುತ್ತದೆ. ಮಧ್ಯದಲ್ಲಿ ಊರಿಗೆ ಬಂದು ಹೋದರೆ ಆ 90ರ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಇರಲು ಕೊಟ್ಟ 180 ದಿನ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ನವೆಂಬರ್ 25ರ ಟಿಕೆಟ್ ಅನ್ನು ಹೋಗುವಾಗಲೇ ತೆಗೆದುಕೊಂಡಿರಿ, ವಿಮಾನ ರದ್ದಾದರೂ ಕೈಯಲ್ಲಿ ಎರಡು ದಿನ ಉಳಿದಿರುತ್ತದೆ.